ಬೂದಿಯಲ್ಲಿ ಹೂತ ಸ್ಟೀಲು

ಸ್ಟೇನ್‌ಲೆಸ್ ಸ್ಟೀಲಿಗೆ ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ಶ್ರೀರಂಗಪಟ್ಟಣದ ಪಾತ್ರೆ ಅಂಗಡಿಯಲ್ಲಿ ಒಬ್ಬರು ದೊಡ್ಡ ಡಬರಿ ಕೊಳ್ಳುತ್ತಿದ್ದರು. ಅಂಗಡಿಯವನು ಅದರ ಮೇಲೆ ಅವರ ಹೆಸರು ಕೊರೆಯುತ್ತಾ, "ಮೊಮ್ಮಕ್ಳ ಕಾಲಕ್ಕೂ ಇಂಗೇ ಇರ್ತದೆ ಕಣಕ್ಕ, ಸ್ಟೀಲು" ಅಂದ. ಡಬರಿಯ ಮಟ್ಟಿಗೆ ಅವನು ಹೇಳಿದ್ದು ಸರಿ. ಡಬರಿ ಒಲೆ ಮೇಲೆ ಕೂತಿರುತ್ತದೆ, ಗಿರಗಿರ ತಿರುಗುವುದಿಲ್ಲ. ಆದರೆ ಇದೇ ಮಾತನ್ನು ಡಿಗ್ರಿ ಪಡೆದವರ ಬಾಯಲ್ಲಿ, ನೂರಾರು ಜನ ಕೆಲಸ ಮಾಡುವ ಕಡೆ ಕೇಳಿದ್ದೇನೆ. ಆ ಮಾತನ್ನು ನಂಬಿಕೊಂಡು ಮಾಡಿದ ಕೆಲಸದಿಂದ ಕಾಳೇಗೌಡ ಎಂಬವನ ಕೈಬೆರಳು ಹೋದವು, ಬೆರಳಿನ ಜೊತೆಗೆ ಮಾನವೂ ಹೋಯಿತು. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಅದನ್ನು ತಿಳಿದಿರಬೇಕು ಎಂದು ಬರೆಯಲು ಕುಳಿತಿದ್ದೇನೆ.

ನಾನು ನಾಗಮಣಿ, ಬಾಬುರಾಯನಕೊಪ್ಪಲಿನವಳು. ಲೋಹಶಾಸ್ತ್ರದಲ್ಲಿ ಡಿಪ್ಲೊಮಾ ಮಾಡಿ, ಹೆದ್ದಾರಿ ಪಕ್ಕದ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಪರೀಕ್ಷಾ ವಿಭಾಗದಲ್ಲೇ ಕೂದಲು ನೆರೆಸಿಕೊಂಡವಳು. ಬಡ್ತಿಯ ವಿಚಾರ ಬರೆಯುವಷ್ಟು ಏನಿಲ್ಲ, ನಡುವೆ ಎರಡು ಸಲ ಕುರ್ಚಿ ಬದಲಾಯಿತು. ಆಲೆಮನೆ, ಅಕ್ಕಿ ಗಿರಣಿ, ಖಾಸಗಿ ಹಾಲಿನ ಘಟಕ, ಖಂಡಸಾರಿ ಸಕ್ಕರೆ ಮಾಡುವವರು, ಹೀಗೆ ನಾಲ್ಕು ತಾಲ್ಲೂಕಿನ ಸ್ಟೀಲು ಸಾಮಾನು ರಿಪೇರಿಗೆ ನಮ್ಮಲ್ಲಿಗೆ ಬರುತ್ತಿತ್ತು. ಮುರಿದದ್ದು ಯಾಕೆ ಮುರಿಯಿತು ಎಂದು ನೋಡಿ ಹೇಳುವುದು ನನ್ನ ಕೆಲಸ.

ನೋಡುವುದು ಹೇಗೆಂದರೆ, ಮುರಿದ ಕಡೆಯಿಂದ ಒಂದು ಚೂರು ಕತ್ತರಿಸಿ, ಎಮರಿ ಕಾಗದದ ಮೇಲೆ ಒರಟಿನಿಂದ ನಯಕ್ಕೆ ಉಜ್ಜಿ, ಕನ್ನಡಿಯ ಹಾಗೆ ಮುಖ ಕಾಣುವ ತನಕ ಪಾಲಿಶ್ ಮಾಡಿ, ಆಮೇಲೆ ಆಸಿಡ್ ಕೊಡಬೇಕು. ಆಗ ಮೈಕ್ರೋಸ್ಕೋಪಿನ ಕೆಳಗೆ ಸ್ಟೀಲು ತನ್ನ ಹರಳುಗಳನ್ನು ತೋರಿಸುತ್ತದೆ. ಸ್ಟೀಲು ಒಂದೇ ಮುದ್ದೆಯಲ್ಲ, ಒತ್ತೊತ್ತಾಗಿ ಕೂತ ಹರಳುಗಳ ರಾಶಿ. ಹರಳಿಗೂ ಹರಳಿಗೂ ನಡುವೆ ಒಂದು ಅಂಚು. ತಿರುಗುವ, ನಡುಗುವ ಸಾಮಾನಿನ ಮೇಲೆ ಒತ್ತಡ ಬಂದು ಹೋಗಿ, ಬಂದು ಹೋಗಿ, ಕೊನೆಗೊಂದು ದಿನ ಎಲ್ಲೋ ಸಣ್ಣ ಬಿರುಕು ಹುಟ್ಟುತ್ತದೆ. ಇದಕ್ಕೆ ಪುಸ್ತಕದಲ್ಲಿ ಲೋಹದ ದಣಿವು ಅಂತಾರೆ. ಬಿರುಕು ಹರಳಿನೊಳಗೆ ಸಲೀಸಾಗಿ ಸಾಗುತ್ತದೆ, ಅಂಚು ಬಂದ ಕಡೆ ತಡವರಿಸುತ್ತದೆ. ಹರಳು ಸಣ್ಣದಿದ್ದರೆ ಅದಕ್ಕೆ ಹೆಜ್ಜೆ ಹೆಜ್ಜೆಗೂ ತಡೆ. ಅತಿಯಾಗಿ ಕಾಯಿಸಿದರೆ ಹರಳುಗಳು ಒಂದನ್ನೊಂದು ನುಂಗಿ ದಪ್ಪವಾಗುತ್ತವೆ, ತಡೆ ಕಡಿಮೆಯಾಗುತ್ತದೆ. ಇಷ್ಟೇ ವಿಷಯ. ಇದನ್ನು ಅರ್ಥ ಮಾಡಿಸುವುದರಲ್ಲಿ ನನ್ನ ಅರ್ಧ ಆಯಸ್ಸು ಹೋಯಿತು. ಹರಳು ಹರಳು ಅಂತ ಬಡಕೊಳ್ಳುತ್ತಿದ್ದುದಕ್ಕೆ ವರ್ಕ್‌ಶಾಪಿನವರು ನನಗೆ 'ಕಲ್ಲುಸಕ್ಕರೆ ಮೇಡಮ್ಮು' ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಅಂದುಕೊಳ್ಳುತ್ತಿದ್ದರು, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನಮ್ಮ ವೆಲ್ಡಿಂಗ್ ಮೇಸ್ತ್ರಿ ರುದ್ರಾಚಾರಿ. ಪಾಲಹಳ್ಳಿಯ ಕಮ್ಮಾರರ ಮನೆಯವನು. ಕಬ್ಬಿಣದ ವಿಷಯದಲ್ಲಿ ಅವನ ಮುಂದೆ ಮಾತಾಡುವವರು ಯಾರೂ ಇರಲಿಲ್ಲ. ಕುಲುಮೆಯಲ್ಲಿ ಅವನ ಅಪ್ಪ ಮಾಡುತ್ತಿದ್ದ ಒಂದು ಪದ್ಧತಿಯನ್ನು ಅವನು ವರ್ಕ್‌ಶಾಪಿಗೂ ತಂದಿದ್ದ. ಕಾಯಿಸಿದ ಅಥವಾ ಬೆಸೆದ ಸಾಮಾನನ್ನು ಬತ್ತದ ಹೊಟ್ಟಿನ ಬೂದಿ ತುಂಬಿದ ಗುಂಡಿಯಲ್ಲಿ ಹೂತುಬಿಡುವುದು. ಬೂದಿಯೊಳಗೆ ಅದು ಮಾರನೆಯ ದಿನದ ತನಕ ನಿಧಾನವಾಗಿ ತಣ್ಣಗಾಗುತ್ತದೆ. ಗಾಡಿ ಅಚ್ಚಿಗೆ, ಕಬ್ಬಿಣದ ಸರಳಿಗೆ ಇದು ಒಳ್ಳೆಯ ಪದ್ಧತಿ, ಒಳಗಿನ ಬಿಗಿ ಸಡಿಲವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಮಾತ್ರ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಯಾಕೆಂದರೆ ಈ ಸ್ಟೀಲನ್ನು ತುಕ್ಕಿನಿಂದ ಕಾಯುವುದು ಅದರೊಳಗಿನ ಕ್ರೋಮಿಯಂ. ನಿಧಾನಕ್ಕೆ ತಣ್ಣಗಾದರೆ ಕ್ರೋಮಿಯಂ ಹೋಗಿ ಹರಳುಗಳ ಅಂಚಿನಲ್ಲಿ ಇಂಗಾಲದ ಜೊತೆ ಸೇರಿ ಕೂತುಬಿಡುತ್ತದೆ. ಅಂಚಿನ ಪಕ್ಕದ ಜಾಗಕ್ಕೆ ಕಾವಲೇ ಇಲ್ಲದಂತಾಗುತ್ತದೆ. ಹುಳಿ, ಉಪ್ಪು, ತೊಳೆಯುವ ಔಷಧಿ ಏನೇ ತಾಗಿದರೂ ಅಂಚು ಸವೆಯುತ್ತದೆ. ಬಿರುಕನ್ನು ತಡೆಯಬೇಕಾದ ಅಂಚೇ ಬಿರುಕಿಗೆ ದಾರಿ ಬಿಡುತ್ತದೆ. ಇಂಗಾಲ ಕಡಿಮೆ ಇರುವ ಜಾತಿಯ ಸ್ಟೀಲಿಗೆ ಈ ಕಾಟ ಕಡಿಮೆ. ನಮ್ಮಲ್ಲಿಗೆ ಬರುತ್ತಿದ್ದದ್ದು ಅಗ್ಗದ ಸಾಮಾನ್ಯ ಜಾತಿ.

ನಾನು ಇದನ್ನು ಹೇಳಿದಾಗ ರುದ್ರಾಚಾರಿ ಮೂಗು ಮುರಿದ. "ಬೆಂಕಿ ಕಂಡಿದ್ದನ್ನ ತಟ್ಟಂತ ತಣ್ಣೀರ್ಗೆ ಆಕುದ್ರೆ ಅದರ ಜೀವ ನಡುಗ್ಬುಡ್ತದೆ ಕಣಮ್ಮ. ನೀವು ಓದಿರೋದು ಪುಸ್ತಕ, ನಾನು ಬಡ್ದಿರೋದು ಕಬ್ಬುಣ" ಅಂದ.

"ಇದು ಕಬ್ಬಿಣ ಅಲ್ಲ ಆಚಾರ್ರೇ."

"ಕಬ್ಬುಣ ಅಲ್ದೆ ಇನ್ನೇನ್ ಬೆಳ್ಳೀನಾ?"

ನಾವಿಬ್ಬರೂ ಒಂದಷ್ಟು ಕಾಲ ಮಾತು ಬಿಟ್ಟೆವು. ಆಗ ಕೆ.ಆರ್. ಪೇಟೆ ಕಡೆಯ ಒಂದು ಖಾಸಗಿ ಹಾಲಿನ ಘಟಕದಿಂದ, ಹಾಲು ಕಲಕುವ ಯಂತ್ರದ ದಂಡವೊಂದು ಎರಡು ತುಂಡಾಗಿ ಬಂತು. ರುದ್ರಾಚಾರಿಯೇ ಬೆಸೆದು ಬೂದಿಯಲ್ಲಿ ಮಲಗಿಸಿ ಕಳಿಸಿದ್ದ ದಂಡ. ನಾನು ಅದನ್ನು ಬೆಳಕಿಗೆ ಹಿಡಿದು ಮುರಿದ ಮುಖವನ್ನು ಅವನಿಗೆ ತೋರಿಸಿದೆ. ಒಂದು ಮೂಲೆಯಿಂದ ಶುರುವಾಗಿ, ಒಂದರ ಹಿಂದೆ ಒಂದು ಬಾಗಿದ ಗೆರೆಗಳು. ಕಾವೇರಿಯಲ್ಲಿ ನೀರು ಇಳಿಯುವಾಗ ಸೋಪಾನಕಟ್ಟೆಯ ಮೇಲೆ ಕೆಸರಿನ ಗೆರೆ ಉಳಿಯುತ್ತದಲ್ಲ, ಹಾಗೆ. ಒಂದೊಂದು ಗೆರೆಯೂ ಬಿರುಕು ಒಂದಷ್ಟು ಹೊತ್ತು ನಿಂತು ಮುಂದೆ ಹೋದ ಗುರುತು. "ಇದು ಒಂದೇ ಏಟಿಗೆ ಮುರಿದದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಮುರಿದದ್ದು" ಅಂದೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ಕರ್ರಗೆ ಕೊರೆದಂತೆ ಕಾಣುತ್ತಿದ್ದ ಅಂಚುಗಳನ್ನು ತೋರಿಸಿದೆ. ಅವನು ಬಹಳ ಹೊತ್ತು ಬಗ್ಗಿ ನೋಡಿದ. ಮಾರನೆಯ ದಿನ ಬೂದಿಗುಂಡಿಯ ಪಕ್ಕದಲ್ಲಿ ಒಂದು ನೀರಿನ ತೊಟ್ಟಿ ಕಟ್ಟಿಸುತ್ತಿದ್ದ. ನನ್ನನ್ನು ನೋಡಿ, "ಸ್ಟೀಲ್ಗೆ ನೀರು, ಕಬ್ಬುಣಕ್ಕೆ ಬೂದಿ. ಆಯ್ತಾ ಕಲ್ಸಕ್ರೆ ಮೇಡಮ್ಮು?" ಅಂದ. ನನ್ನ ಮುಂದೆಯೇ ಆ ಹೆಸರು ಹಿಡಿದು ಕರೆದವನು ಅವನೊಬ್ಬನೇ.

ಇಲ್ಲಿಗೇ ಮುಗಿದಿದ್ದರೆ ನಾನು ಈ ಲೇಖನ ಬರೆಯಬೇಕಿರಲಿಲ್ಲ. ಕೆಲಸಗಾರ ತನ್ನ ಅಪ್ಪನ ಪದ್ಧತಿಯನ್ನು ತಿದ್ದಿಕೊಂಡ. ತಿದ್ದಿಕೊಳ್ಳದವರು ಮೇಲಿನ ಕುರ್ಚಿಯಲ್ಲಿದ್ದರು.

ಕೆಂಪಗೆ ಕಾದ ಸ್ಟೀಲನ್ನು ನೀರಿಗೆ ಹಾಕಿದರೆ ಕೊಂಚ ಸೊಟ್ಟಗಾಗುತ್ತದೆ. ಅದನ್ನು ಮತ್ತೆ ನೇರ ಮಾಡಲು ಹೊತ್ತು ಬೇಕು. ಬೂದಿಯಲ್ಲಿಟ್ಟರೆ ಆ ತಾಪತ್ರಯವಿಲ್ಲ. ಹೊಸದಾಗಿ ಬಂದ ಮ್ಯಾನೇಜರು ಇದನ್ನು ಕಂಡುಹಿಡಿದು ನೀರಿನ ತೊಟ್ಟಿ ಒಣಗಿಸಿದರು. ನಾನು ಹರಳಿನ ಚಿತ್ರಗಳನ್ನು ತೆಗೆದುಕೊಂಡು ಅವರ ಕೋಣೆಗೆ ಹೋದೆ. ಅವರು ಚಿತ್ರ ನೋಡದೆ ಹೇಳಿದರು: "ನಾಗಮಣಿಯವರೇ, ಇದು ಸ್ಟೇನ್‌ಲೆಸ್ಸು. ತುಕ್ಕು ಹಿಡಿಯೋದಿಲ್ಲ ಅಂತಲೇ ಅದಕ್ಕೆ ಆ ಹೆಸರು. ಮಗು ಥರ ಅದನ್ನ ತೊಟ್ಟಿಲಲ್ಲಿಟ್ಟು ತೂಗೋದಕ್ಕೆ ನಮಗೆ ಟೈಮಿಲ್ಲ." ಗೊತ್ತಿಲ್ಲದವನ ತಪ್ಪಿಗೆ ನನಗೆ ಕೋಪವಿಲ್ಲ. ಗೊತ್ತು ಮಾಡಿಸಲು ಬಂದವಳ ಕೈಯಲ್ಲಿದ್ದದ್ದನ್ನು ನೋಡುವುದೇ ಇಲ್ಲ ಎನ್ನುವವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ವರ್ಷವೇ ಪಾಂಡವಪುರ ಕಡೆಯ ಒಂದು ಖಂಡಸಾರಿ ಘಟಕದಿಂದ ಎರಡು ತಿರುಗುಬುಟ್ಟಿಗಳು ರಿಪೇರಿಗೆ ಬಂದವು. ಹರಳುಗಟ್ಟಿದ ಪಾಕವನ್ನು ಈ ಬುಟ್ಟಿಗೆ ತುಂಬಿ ಜೋರಾಗಿ ತಿರುಗಿಸುತ್ತಾರೆ. ಕಾಕಂಬಿ ಬುಟ್ಟಿಯ ತೂತುಗಳಿಂದ ಆಚೆ ಹಾರುತ್ತದೆ, ಸಕ್ಕರೆ ಒಳಗೆ ಉಳಿಯುತ್ತದೆ. ಪ್ರತಿ ಸಲ ಜೋರಾಗಿ ತಿರುಗಿ ನಿಂತಾಗಲೂ ಬುಟ್ಟಿಯ ಗೋಡೆ ಒಮ್ಮೆ ಬಿಗಿದು ಒಮ್ಮೆ ಸಡಿಲವಾಗುತ್ತದೆ. ಹಗಲು ಇರುಳು ಇದೇ. ಸ್ಟೀಲಿನ ದಣಿವಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾಗಿಲ್ಲ.

ಎರಡೂ ಬುಟ್ಟಿಗಳ ಬೆಸುಗೆ ಬಿಟ್ಟು, ಮೈ ಸೊಟ್ಟಗಾಗಿತ್ತು. ಬೆಸೆದ ಮೇಲೆ ಸುಲಭವಾಗಿ ಬಡಿದು ದುಂಡಗೆ ಮಾಡಲಿ ಎಂದು ಮ್ಯಾನೇಜರು ಅವನ್ನು ಕಿತ್ತಳೆ ಬಣ್ಣ ಬರುವ ತನಕ ಕಾಯಿಸಿ, ದಿನವೆಲ್ಲಾ ಹಾಗೇ ಬಿಡಲು ಹೇಳಿದರು. ಆಮೇಲೆ ಬೂದಿ. ರುದ್ರಾಚಾರಿ ಬೇಡವೆಂದ. "ನಿಂಗೆ ಸಂಬಳ ಕೊಡೋದು ವೆಲ್ಡಿಂಗ್ ಮಾಡೋಕೆ" ಎಂದು ಅವನ ಬಾಯಿ ಮುಚ್ಚಿಸಿದರು. ನಾನು ಬುಟ್ಟಿಗಳ ಜೊತೆಗೇ ಕಾಯಿಸಿದ್ದ ಅದೇ ಸ್ಟೀಲಿನ ಒಂದು ಚೂರನ್ನು ಪರೀಕ್ಷೆ ಮಾಡಿ ಹರಳು ಬಹಳ ದಪ್ಪಗಾಗಿದೆ, ಇದನ್ನು ಕಳಿಸಬಾರದು ಎಂದೆ. ಬುಟ್ಟಿ ತೆಗೆದುಕೊಂಡು ಹೋಗಲು ಬಂದಿದ್ದ ಘಟಕದ ಧಣಿ ನಕ್ಕರು. "ಅರಳು ದಪ್ಪಗದೆ ಅಂದ್ರೆ ಒಳ್ಳೇದೇ ಅಲ್ವೇನಮ್ಮ? ನಮ್ ಸಕ್ರೆ ಅರಳು ದಪ್ಪಗಿದ್ರೆ ಮಾರ್ಕೆಟ್ನಾಗೆ ಮೊದ್ಲು ಕೇಳೋದೇ ಅದ್ನ." ಮ್ಯಾನೇಜರೂ ಜೊತೆಗೆ ನಕ್ಕರು. ಸಕ್ಕರೆ ತಿನ್ನುವುದಕ್ಕೆ, ಸ್ಟೀಲು ಜನರ ಪಕ್ಕದಲ್ಲಿ ತಿರುಗುವುದಕ್ಕೆ ಎಂದು ನಾನು ಹೇಳಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಲಾರಿ ಹೊರಟಿತು.

ಕಬ್ಬು ಅರೆಯುವ ಕಾಲದ ನಡುವೆ ಒಂದು ಬುಟ್ಟಿ ಒಡೆಯಿತು. ಅದನ್ನು ನಡೆಸುತ್ತಿದ್ದವನು ನಾಗಮಂಗಲದ ಕಡೆಯ ಕಾಳೇಗೌಡ. ಗೋಡೆ ಸೀಳಿ, ಹೊರಗಿನ ಕವಚ ಹರಿದು ಬಂದ ತುಂಡು ಅವನ ಎಡಗೈಯ ಬೆರಳುಗಳನ್ನು ತೆಗೆದುಕೊಂಡು ಹೋಯಿತು. ಅವನಿನ್ನೂ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಘಟಕದಲ್ಲಿ ತೀರ್ಮಾನವಾಗಿ ಹೋಗಿತ್ತು. ಕಾಳೇಗೌಡ ಕುಡಿದಿದ್ದ, ಪಾಕವನ್ನು ಒಂದೇ ಕಡೆಗೆ ಸುರಿದ, ಬುಟ್ಟಿ ಓಲಾಡಿ ಒಡೆಯಿತು. ಅವತ್ತು ಕುಡಿದಿರದಿದ್ದರೂ, ಹಬ್ಬ ಹುಣ್ಣಿಮೆಗೆ ಒಂದಷ್ಟು ಕುಡಿಯುತ್ತಿದ್ದ ಮನುಷ್ಯ ಅವನು. ಅಷ್ಟು ಸಾಕಾಯಿತು. ಕೆಲಸದಿಂದ ತೆಗೆದರು. ಎಲ್ಲರೂ ಕೈತೊಳೆದುಕೊಂಡರು.

ಒಡೆದ ತುಂಡು ನನ್ನ ಮೇಜಿಗೆ ಬಂತು. ಪಾಲಿಶ್ ಮಾಡುವ ಮೊದಲೇ ಬರಿಗಣ್ಣಿಗೆ ಕಂಡಿತು. ಬೆಸುಗೆಯ ಪಕ್ಕದ ಒಂದು ತೂತಿನ ಅಂಚಿನಿಂದ ಹೊರಟ ಗೆರೆಗಳು, ಆ ಸೋಪಾನಕಟ್ಟೆಯ ಕೆಸರಿನ ಗೆರೆಗಳೇ. ಹಳೆಯ ಭಾಗ ಕಾಕಂಬಿಯ ಕಲೆ ಹಿಡಿದು ಕಪ್ಪಾಗಿತ್ತು, ಕೊನೆಯಲ್ಲಿ ಹರಿದ ಭಾಗ ಮಾತ್ರ ಹೊಳೆಯುತ್ತಿತ್ತು. ಕಪ್ಪು ಭಾಗವೇ ಹೆಚ್ಚು. ಅಂದರೆ ಕಾಳೇಗೌಡ ಅವತ್ತು ಪಾಳಿಗೆ ಬರುವ ಎಷ್ಟೋ ದಿನಗಳ ಮೊದಲೇ ಬುಟ್ಟಿ ಬಹುಪಾಲು ಒಡೆದುಹೋಗಿತ್ತು. ಮೈಕ್ರೋಸ್ಕೋಪಿನಲ್ಲಿ ದಪ್ಪ ದಪ್ಪ ಹರಳು, ಸವೆದ ಅಂಚು. ನನಗೆ ಮೊದಲು ಹೊಳೆದದ್ದು ಕಾಳೇಗೌಡನ ವಿಚಾರವಲ್ಲ. ಅದೇ ಬೆಂಕಿ, ಅದೇ ಬೂದಿ ಕಂಡ ಎರಡನೆಯ ಬುಟ್ಟಿ ಇನ್ನೂ ತಿರುಗುತ್ತಾ ಇದೆ, ಅದರ ಪಕ್ಕದಲ್ಲಿ ಯಾರೋ ನಿಂತಿದ್ದಾರೆ.

ಮ್ಯಾನೇಜರು ನಾನು ಹೇಳಿದ್ದನ್ನೆಲ್ಲಾ ಕೇಳಿಸಿಕೊಂಡು, "ಹೆಚ್ಚು ಭಾರದಿಂದ ಒಡೆದಿದೆ ಅಂತ ಬರೀರಿ, ಸಾಕು" ಎಂದರು. ನಾನು ಬರೆಯಲಿಲ್ಲ. ಬೇರೆ ಯಾರಿಂದಲೋ ಬರೆಸಿದರು. ಎರಡನೆಯ ಬುಟ್ಟಿಯನ್ನು ನಿಲ್ಲಿಸಿ ಎಂದು ಫೋನಾದರೂ ಮಾಡಿ ಎಂದೆ. "ನಿಲ್ಲಿಸಿ ಅಂದ್ರೆ ತಪ್ಪು ನಮ್ಮದು ಅಂತ ಒಪ್ಪಿಕೊಂಡ ಹಾಗಲ್ವಾ?" ಎಂದರು. ಈ ಮಾತನ್ನು ಅವರು ಹೇಳಿದ ಹಾಗೆಯೇ ಬರೆದಿದ್ದೇನೆ. ಮನುಷ್ಯರ ಕೈಕಾಲಿಗಿಂತ ವರ್ಕ್‌ಶಾಪಿನ ಮುಖ ದೊಡ್ಡದಾಗಿತ್ತು ಅವರಿಗೆ.

ಮಾರನೆಯ ಬೆಳಗ್ಗೆ ರಜೆ ಹಾಕಿ, ಒಡೆದ ತುಂಡನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಹಿಂದಿನ ಸಂಜೆ ನನ್ನಿಂದ ವಿಷಯ ತಿಳಿದಿದ್ದ ರುದ್ರಾಚಾರಿ ಆಗಲೇ ಪಾಂಡವಪುರದ ಬಸ್ಸಿನ ಮುಂದೆ ನಿಂತಿದ್ದ. "ಒಬ್ರೇ ಓಗಿ ಯೋಳುದ್ರೆ ಯಾರ್ ನಂಬ್ತಾರಮ್ಮ? ನಾನೂ ಬತ್ತೀನಿ" ಅಂದ. ಕೆಲಸ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ದಾರಿಯಲ್ಲಿ ಅದರ ಮಾತು ಬರಲಿಲ್ಲ.

ಘಟಕದ ಧಣಿ ನಮ್ಮನ್ನು ಬಾಗಿಲಲ್ಲೇ ತಡೆದರು. "ನಿಮ್ ಮ್ಯಾನೇಜರೇ ಎಲ್ಲಾ ಸರಿಯಾಗದೆ ಅಂದವ್ರೆ. ನೀವ್ಯಾಕೆ ಬಂದು ಸೀಸನ್ ಟೈಮ್ನಾಗೆ ಕಲ್ಲಾಕ್ತೀರಿ?" ನಾನು ತುಂಡು ತೋರಿಸಿದೆ, ಗೆರೆ ತೋರಿಸಿದೆ, ಅವರು ಅತ್ತ ಮುಖ ತಿರುಗಿಸಿದರು. ಗಲಾಟೆ ಕೇಳಿ ಕೆಲಸದವರು ಸೇರಿದರು. ಆಗ ರುದ್ರಾಚಾರಿ ಧಣಿಯನ್ನು ದಾಟಿ ಅವರ ಮುಂದೆ ಹೋಗಿ ನಿಂತ.

"ಒಡೆದೋಯ್ತಲ್ಲ ಬುಟ್ಟಿ, ಅದ್ನ ಬೆಸೆದವ್ನು ನಾನು, ಬೂದೀಲಿ ಊತವ್ನೂ ನಾನೇ ಕಣ್ರಪ್ಪಾ. ಈಗ ತಿರುಗ್ತಾ ಅದಲ್ಲ, ಇದೂ ಅದೇ ಬೂದೀಲೇ ಮಲಗಿತ್ತು. ಕಾಳೇಗೌಡ್ರು ಏನೂ ತಪ್ ಮಾಡ್ನಿಲ್ಲ. ಅದರ ಪಕ್ಕ ನಿಂತ್ಕಬ್ಯಾಡಿ."

ಆಮೇಲೆ ಯಂತ್ರದ ಹತ್ತಿರ ನಿಂತಿದ್ದವನು ಸ್ವಿಚ್ಚು ಆರಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಆಚೆ ಬಂದ. ಬೇರೆಯವರು ಯಾರೂ ಅದನ್ನು ಮುಟ್ಟಲು ಹೋಗಲಿಲ್ಲ.

ಬುಟ್ಟಿ ನಿಂತು, ತೊಳೆದು ಒಣಗಿದ ಮೇಲೆ ನಾನು ತಂದಿದ್ದ ಕೆಂಪು ಬಣ್ಣವನ್ನು ಬೆಸುಗೆಯ ಉದ್ದಕ್ಕೂ ಹಚ್ಚಿದೆ. ಬಿರುಕಿದ್ದರೆ ಬಣ್ಣ ಅದರೊಳಗೆ ಇಳಿಯುತ್ತದೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಊದಿದರೆ, ಒಳಗೆ ಸೇರಿದ್ದು ಹೊರಗೆ ಇಣುಕುತ್ತದೆ. ಎಲ್ಲರೂ ನೋಡುತ್ತಿದ್ದ ಹಾಗೆ ಬಿಳಿಯ ಮೇಲೆ ಕೆಂಪು ಗೆರೆ ಎದ್ದಿತು. ತೂತಿನಿಂದ ತೂತಿಗೆ, ಅಲ್ಲಿಂದ ಮುಂದಿನ ತೂತಿಗೆ. ಧಣಿ ತಾವೇ ಬಗ್ಗಿ ನೋಡಿದರು. ಆಮೇಲೆ ಅವರು ಹೇಳಿದ ಮಾತಿಗೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. "ಆಯ್ತು ಬುಡಿ. ಕೆ.ಆರ್. ಪೇಟೆ ಕಡೆ ಒಬ್ರು ಬುಟ್ಟಿ ಬೇಕು ಅಂತಿದ್ರು, ಅವರ್ಗೇ ಕೊಟ್ಬುಡ್ತೀನಿ."

ರುದ್ರಾಚಾರಿ ಅಲ್ಲಿದ್ದ ಗ್ರೈಂಡರನ್ನು ಕೈಗೆತ್ತಿಕೊಂಡ. "ನಾನು ಮಾಡಿದ್ ಕೆಲ್ಸ, ನಾನೇ ಮುಗಿಸ್ತೀನಿ" ಎಂದು ಕೆಂಪು ಗೆರೆಯ ಮೇಲೆಯೇ ಬುಟ್ಟಿಯನ್ನು ಕತ್ತರಿಸಲು ಶುರು ಮಾಡಿದ. ಧಣಿ ಕೂಗಾಡಿದರು. ಕೆಲಸದವರು ಅವನ ಸುತ್ತ ಒತ್ತಾಗಿ ನಿಂತಿದ್ದರಿಂದ ಧಣಿಗೆ ಹತ್ತಿರ ಹೋಗಲಾಗಲಿಲ್ಲ.

ನಮ್ಮ ಕೆಲಸ ಹೋಗಲಿಲ್ಲ. ಹೋದರೆ ವಿಷಯ ಹೊರಗೆ ಬರುತ್ತದೆ ಎಂದು ಹೆದರಿದರೋ ಏನೋ. ರುದ್ರಾಚಾರಿಯನ್ನು ಗೇಟು ಕಾಯುವ ಕೆಲಸಕ್ಕೆ ಹಾಕಿದರು. ಅಂಥ ಕೈಯನ್ನು ಗೇಟಿನಲ್ಲಿ ಕೂರಿಸಿದರು. ಬೂದಿಗುಂಡಿ ಮುಚ್ಚಿ, ನೀರಿನ ತೊಟ್ಟಿಯನ್ನು ತಮ್ಮದೇ ಸುಧಾರಣೆ ಎಂದು ಮ್ಯಾನೇಜರು ಹೇಳಿಕೊಂಡರು. ಎರಡನೆಯ ಬುಟ್ಟಿಯನ್ನು ಮುನ್ನೆಚ್ಚರಿಕೆಗಾಗಿ ತೆಗೆಯಲಾಯಿತು ಎಂದು ಮಾತು ಬಂತು. ಕಾಳೇಗೌಡ ಕುಡಿದಿದ್ದ ಎಂಬ ಮಾತು ಮಾತ್ರ ಇದ್ದಲ್ಲೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾರಿಗೂ ಬಾಯಿ ಬರಲಿಲ್ಲ.

ಈಗ ಪ್ರಯೋಗಾಲಯಗಳಲ್ಲಿ ಮೈಕ್ರೋಸ್ಕೋಪಿಗೆ ಕಂಪ್ಯೂಟರು ಅಂಟಿಸಿದ್ದಾರೆ. ನಾವು ಕಣ್ಣು ನೋಯಿಸಿಕೊಂಡು ಪಟದ ಜೊತೆ ಹೋಲಿಸಿ ಹೇಳುತ್ತಿದ್ದ ಹರಳಿನ ಅಳತೆಯನ್ನು ಅದು ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತದೆ. ಬಹಳ ಒಳ್ಳೆಯದು, ನನಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ಅಳತೆ ಬರೆದು ಕೊಟ್ಟರೆ ಕೆಲಸ ಮುಗಿಯಿತು ಎಂದು ಎದ್ದು ಹೋಗುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಕೋಪ ಬರುತ್ತದೆ. ಆ ಅಳತೆ ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟಿತೇ ಎಂದು ಕೇಳಿ.

ಬುಟ್ಟಿ ಕತ್ತರಿಸಿ ಕೆಲವು ತಿಂಗಳಾದ ಮೇಲೆ ಒಂದು ದಿನ ಕಾಳೇಗೌಡನೇ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದ. ಎಡಗೈಯನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಿದ್ದ. ಗೇಟಿನಲ್ಲಿ ರುದ್ರಾಚಾರಿ ಕಳಿಸಿದ್ದನಂತೆ. ನಿಂತುಕೊಂಡೇ ಕೇಳಿದ: "ಅಮ್ಮ, ನಾನು ಒಂದೇ ಕಡೆಗೆ ಪಾಕ ಸುರ್ದಿದ್ದು ದಿಟಾನಾ?"

ಪಾಂಡವಪುರದಲ್ಲಿ ಅಷ್ಟು ಜನರ ಮುಂದೆ ಹೇಳಿದ್ದು ನಾಗಮಂಗಲಕ್ಕೆ ಯಾವತ್ತೋ ಮುಟ್ಟಿದೆ ಎಂದು ನಾವು ತಿಳಿದಿದ್ದೆವು. ಮುಟ್ಟಿರಲಿಲ್ಲ. ಅವನು ತನ್ನನ್ನೇ ಅನುಮಾನಿಸುತ್ತಾ ಇಷ್ಟು ದಿನ ಕಳೆದಿದ್ದ. ನಾನು ಅವನನ್ನು ಕೂರಿಸಿ, ತುಂಡನ್ನು ಅವನ ಬಲಗೈಗೆ ಕೊಟ್ಟೆ. ಕಪ್ಪು ಭಾಗ ಯಾವುದು, ಹೊಳೆಯುವ ಭಾಗ ಯಾವುದು ಎಂದು ತೋರಿಸಿದೆ.

"ಈ ಕಪ್ಪಗಿರೋದೆಲ್ಲಾ ಮೊದ್ಲೇ ಒಡ್ದಿತ್ತಾ?"

"ಮೊದಲೇ. ಅವತ್ತು ನೀವಲ್ಲ, ಯಾರು ನಿಂತಿದ್ದರೂ ಒಡೆಯುತ್ತಿತ್ತು."

ಅವನು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ನಮ್ಮನೇಗೆ ಬಂದು ನಮ್ಮೆಂಗಸ್ರ ಮುಂದೆ ಇದ್ನ ಒಂದ್ಸಲ ಯೋಳ್ಬುಡಿ ಅಮ್ಮ. ನಾನ್ ಯೋಳುದ್ರೆ ನೆಪ ಯೋಳ್ತಾನೆ ಅಂದ್ಕತ್ತಾಳೆ" ಅಂದ.

ಭಾನುವಾರ ನಾನು, ರುದ್ರಾಚಾರಿ ನಾಗಮಂಗಲದ ಬಸ್ಸು ಹಿಡಿದು ಅವನ ಊರಿಗೆ ಹೋದೆವು. ಅವನ ಹೆಂಡತಿ ಸಾಕಮ್ಮ ಹಸುವಿಗೆ ಹುಲ್ಲು ಹಾಕಿ ಬಂದು ಜಗಲಿಯಲ್ಲಿ ಕೂತಳು. ನಾನು ಮತ್ತೆ ಮೊದಲಿಂದ ಹೇಳಿದೆ. ಬೂದಿಯ ವಿಷಯವನ್ನು ರುದ್ರಾಚಾರಿ ಹೇಳಿದ. ಆಕೆ ತುಂಡನ್ನು ಮಡಿಲಲ್ಲಿಟ್ಟುಕೊಂಡು ಗೆರೆಗಳ ಮೇಲೆ ಬೆರಳಾಡಿಸುತ್ತಾ ಎಲ್ಲವನ್ನೂ ಕೇಳಿದಳು. ಆಮೇಲೆ ನಮ್ಮ ಕಡೆ ನೋಡದೆ ಗಂಡನ ಕಡೆ ತಿರುಗಿದಳು.

"ಅವತ್ತು ಕುಡೀದೇ ಇದ್ದವ್ನ ಕೈಲಿ, ಇನ್ಮೇಲೆ ಕುಡಿಯಾಕಿಲ್ಲ ಅಂತ ದೀಪ ಮುಟ್ಟಿಸಿ ಆಣೆ ಮಾಡಿಸ್ಬುಟ್ನಲ್ಲ ನಾನು. ಕುಡ್ದಿರ್ನಿಲ್ಲ ಅಂದ್ರೆ ಯಾಕ್ ಮುಟ್ದೆ ನೀನು?"

ಕಾಳೇಗೌಡ ನೆಲ ನೋಡುತ್ತಾ ಹೇಳಿದ: "ಎಲ್ಲಾರೂ ಅಂಗಂದ್ರು. ನೀನೂ ಅಂದೆ. ಕುಡ್ದಿದ್ರೂ ಇರ್ಬೌದೇನೋ ಅಂದ್ಕಂಡೆ."